ಅಡಿಕೆ ತೂಗುವ ಯಂತ್ರದ ಮೇಲೆ ಅಕ್ಕ

ಅಕ್ಕನ ಮನೆಯ ಜಗಲಿಯ ಮೂಲೆಯಲ್ಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ಯಂತ್ರವಿದೆ. ನೆಲಕ್ಕೆ ಒಂದು ಕಬ್ಬಿಣದ ಹಲಗೆ, ಹಿಂದೆ ಒಂದು ಕಂಬಿ, ಕಂಬಿಯ ತುದಿಗೆ ಕೆಂಪು ಅಂಕಿ ಮಿನುಗುವ ಪೆಟ್ಟಿಗೆ. ಕೊಯ್ಲಿನ ದಿನಗಳಲ್ಲಿ ಅದರ ಮೇಲೆ ಗೋಣಿಚೀಲ ಕೂರುತ್ತದೆ. ಎರಡು ವರ್ಷದಿಂದ ಪ್ರತಿದಿನ ಬೆಳಿಗ್ಗೆ, ಮುಖ ತೊಳೆದು ಕಾಫಿ ಕುಡಿಯುವುದಕ್ಕೆ ಮೊದಲು, ಅಕ್ಕ ಹತ್ತುತ್ತಾಳೆ. ಮೊದಲ ದಿನ ಹತ್ತಿಸಿದಾಗ ಅವಳು ಕೇಳಿದ್ದು: "ನನ್ನನ್ನು ಸರಕಿಗೆ ಸೇರಿಸುತ್ತೀಯೋ, ಗೊರಬಲಿಗೋ?" ಅಡಿಕೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ: ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು ಎಂದರೆ ಮೇಲಿನ ದರ್ಜೆ, ಗೊರಬಲು ಎಂದರೆ ತಳದ್ದು.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿತ್ತು. ರಕ್ತದೊತ್ತಡ ಯಾವಾಗ ಬಂದು ಜೊತೆ ಸೇರಿತೋ ಯಾರಿಗೂ ತಿಳಿಯಲಿಲ್ಲ. ಇವೆರಡೂ ಸೇರಿದರೆ ಮೂತ್ರಪಿಂಡ ಸದ್ದಿಲ್ಲದೆ ಸವೆಯುತ್ತದೆ. ಕಾಲು ಊದಿದಾಗ ತೋಟಕ್ಕೆ ಹತ್ತಿ ಇಳಿದದ್ದಕ್ಕೆ ಇರಬೇಕು ಎಂದಳು, ನಾವೂ ಹೌದೆಂದೆವು. ಈಗ ಮಂಗಳವಾರ ಮತ್ತು ಶುಕ್ರವಾರ ಅವಳಿಗೆ ಡಯಾಲಿಸಿಸ್. ನಾನು ಹೊಸನಗರದ ಕಡೆಯ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಗುಮಾಸ್ತ. ಸಾಲ, ಬಡ್ಡಿ, ಗೊಬ್ಬರದ ಚೀಲ ಎಲ್ಲವನ್ನೂ ಕೋಷ್ಟಕಕ್ಕೆ ಇಳಿಸಿದರೆ ಮಾತ್ರ ನನಗೆ ರಾತ್ರಿ ನಿದ್ದೆ. ಆ ಚಟವನ್ನು ಒಡಹುಟ್ಟಿದವಳ ಮೇಲೂ ಪ್ರಯೋಗಿಸಿದ್ದೇನೆ.

ಮೊದಲ ವರ್ಷ ಶಿವಮೊಗ್ಗಕ್ಕೇ ಹೋಗಬೇಕಿತ್ತು. ಅಕ್ಕನ ಮನೆ ಇರುವುದು ನಗರದ ಆಚೆ. ಹೆಸರಿಗೆ ನಗರ. ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. ಈಗ ಅಲ್ಲಿಂದ ಮುಂದೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವವರ ಸೀಮೆ ಶುರುವಾಗುತ್ತದೆ. ಶಿವಮೊಗ್ಗಕ್ಕೆ ಸುಮಾರು 80 ಕಿಲೋಮೀಟರ್, ಬೆಳಗಿನ ಜಾವದ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನೆಂಟರೆಲ್ಲ "ನಿಮ್ಮಕ್ಕನಿಗೆ ಬಸ್ಸು ಪುಕ್ಕಟೆಯಾಯಿತಲ್ಲ" ಎಂದು ಸಂಭ್ರಮಿಸಿದರು. ನಮ್ಮ ದಾರಿಯಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು ಎಂಬುದು ಅವರಿಗೆ ನೆನಪಾಗಲಿಲ್ಲ.

ಡಯಾಲಿಸಿಸ್ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ನಾಲ್ಕು ಗಂಟೆ ಕುಳಿತವರಿಗೆ ಅದರ ಜಾಣತನ ಗೊತ್ತಿರುತ್ತದೆ. ತೋಳಿನ ಫಿಸ್ಟುಲಾಕ್ಕೆ, ಅಂದರೆ ಶಸ್ತ್ರಚಿಕಿತ್ಸೆಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಉಬ್ಬಿಸಿದ ರಕ್ತನಾಳಕ್ಕೆ, ಎರಡು ಸೂಜಿ. ಒಂದರಿಂದ ನಿಮಿಷಕ್ಕೆ 250ರಿಂದ 300 ಮಿಲಿಲೀಟರ್ ರಕ್ತ ಹೊರಗೆ ಬಂದು, ಕೂದಲೆಳೆಯಂತೆ ಕಾಣುವ ಸಾವಿರಾರು ಕೊಳವೆಗಳ ಶೋಧಕವನ್ನು ದಾಟಿ, ಇನ್ನೊಂದರಿಂದ ಒಳಗೆ ಹೋಗುತ್ತದೆ. ಕೊಳವೆಗಳ ಹೊರಗೆ ಎದುರು ದಿಕ್ಕಿನಲ್ಲಿ ನಿಮಿಷಕ್ಕೆ 500 ಮಿಲಿಲೀಟರಿನಂತೆ ದ್ರಾವಣ ಹರಿಯುತ್ತಿರುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಹುಲಿಕಲ್ಲು ಅಕ್ಕನ ಮನೆಗೆ ದೂರವೇನಲ್ಲ. ಆ ಮಳೆಯ ನಡುವೆ ಅವಳಿಗೆ ದಿನಕ್ಕೆ ಸಿಗುವುದು ಮುಕ್ಕಾಲು ಲೀಟರ್ ನೀರು. ಹಿಂದಿನ ದಿನ ಎಷ್ಟು ಮೂತ್ರ ಹೋಯಿತೋ ಅಷ್ಟು, ಅದರ ಮೇಲೆ ಅರ್ಧ ಲೀಟರ್, ಇದು ವೈದ್ಯರ ಲೆಕ್ಕ.

ನೆದರ್ಲೆಂಡ್ಸಿನ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ 1943ರಲ್ಲಿ, ಜರ್ಮನರು ದೇಶವನ್ನು ಹಿಡಿದುಕೊಂಡಿದ್ದಾಗ, ಮಾಂಸದ ಸಾಸೇಜಿಗೆ ತೊಡಿಸುವ ಸೆಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಮೊದಲ ಯಂತ್ರ ಮಾಡಿದ್ದನಂತೆ. ಅದರಿಂದ ಬದುಕಿಕೊಂಡ ಮೊದಲ ರೋಗಿ ಸಿಕ್ಕಿದ್ದು 1945ರಲ್ಲಿ. ಇದನ್ನು ಅಕ್ಕನಿಗೆ ಹೇಳಿದೆ. "ಮಡಿಯವರಿಗೆ ಹೇಳಬೇಡ" ಎಂದಳು.

ಅಲ್ಲಿಂದ ಇಲ್ಲಿಗೆ ಯಂತ್ರ ಬಹಳ ದೂರ ಬಂದಿದೆ. ಒಂದು ಗಾಳಿಗುಳ್ಳೆ ಬಂದರೆ ಕೂಗುತ್ತದೆ, ದ್ರಾವಣದ ಲವಣ ಹೆಚ್ಚುಕಡಿಮೆಯಾದರೆ ಕೂಗುತ್ತದೆ, ಅಕ್ಕ ತೋಳು ಮಡಿಸಿದರೂ ಕೂಗುತ್ತದೆ. ಪರದೆಯ ತುಂಬ ಅಂಕಿಗಳು. ಆದರೆ ಗಂಟೆಗೊಮ್ಮೆ ಟೆಕ್ನಿಷಿಯನ್ ಬಂದು ಆ ಅಂಕಿಗಳನ್ನು ನೋಡಿ ಬಾಲ್‌ಪೆನ್ನಿನಲ್ಲಿ ಹಾಳೆಗೆ ಬರೆದುಕೊಳ್ಳುತ್ತಾನೆ. ಹಾಳೆ ಕಡತಕ್ಕೆ, ಕಡತ ಕಪಾಟಿಗೆ. ಮುಂದಿನ ರೋಗಿಗಾಗಿ ಯಂತ್ರವನ್ನು ತೊಳೆದು ಹಚ್ಚುವಷ್ಟರಲ್ಲಿ ಅದು ಅಕ್ಕನನ್ನು ಮರೆತಿರುತ್ತದೆ. ವಾರಕ್ಕೆ 168 ಗಂಟೆ. ಯಂತ್ರ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಎಂಟು ಗಂಟೆ. ಉಳಿದ 160 ಗಂಟೆ ಅವಳು ಮನೆಯಲ್ಲಿರುತ್ತಾಳೆ, ಕುಡಿಯುತ್ತಾಳೆ, ತಿನ್ನುತ್ತಾಳೆ, ಊದುತ್ತಾಳೆ. ಅಷ್ಟು ಹೊತ್ತು ಅವಳನ್ನು ನೋಡುವವರು ಯಾರೂ ಇಲ್ಲ. ತಂತ್ರಜ್ಞಾನ ಬರಬೇಕಾದದ್ದು ಅಲ್ಲಿಗೆ ಎಂದು ನನಗೆ ಹೊಳೆದದ್ದು ಒಂದು ಶುಕ್ರವಾರ ಮೈಯೆಲ್ಲ ಬೆವೆತ ಮೇಲೆ.

ಮನೆಗೆ ಹತ್ತಿರದ ಇನ್ನೊಂದು ಕೇಂದ್ರದಲ್ಲಿ ಜಾಗ ಖಾಲಿಯಾಗಿತ್ತು. ಹಳೆಯ ಕಡೆಯಿಂದ ಒಂದು ಪುಟದ ಚೀಟಿ ಬರೆಸಿಕೊಂಡು ಹೋದೆವು. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಡ್ರೈ ವೇಟ್, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ಇರಬೇಕಾದ ತೂಕ. ಯಂತ್ರಕ್ಕೆ ಹತ್ತಿಸುವ ಮುಂಚಿನ ತೂಕದಿಂದ ಅದನ್ನು ಕಳೆದರೆ ಎಷ್ಟು ನೀರು ತೆಗೆಯಬೇಕೆಂದು ಗೊತ್ತಾಗುತ್ತದೆ. ಅಕ್ಕನದು 48.5 ಕಿಲೋ. ಚೀಟಿಯಲ್ಲಿ 8ರ ತಲೆ ಬಿಚ್ಚಿಕೊಂಡಿತ್ತು. ಹೊಸ ಕಡೆ ಅದನ್ನು 46.5 ಎಂದು ಓದಿದರು. ಆ ದಿನ ಅವಳ ತೂಕ 50. ಒಂದೂವರೆ ಲೀಟರ್ ತೆಗೆಯಬೇಕಾದಲ್ಲಿ ಮೂರೂವರೆ ಲೀಟರಿಗೆ ಯಂತ್ರ ಹಚ್ಚಿದರು. ಗಂಟೆಗೆ ದೇಹದ ತೂಕದ ಪ್ರತಿ ಕಿಲೋಗೆ 13 ಮಿಲಿಲೀಟರಿಗಿಂತ ಜೋರಾಗಿ ನೀರು ಎಳೆಯಬಾರದು ಎಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ. ಅಕ್ಕನ ಲೆಕ್ಕಕ್ಕೆ ನಾಲ್ಕು ಗಂಟೆಗೆ ಎರಡೂವರೆ ಲೀಟರ್ ಆಯಿತು. ನಾನಾಗ ಅದನ್ನೆಲ್ಲ ಎಲ್ಲಿ ತಿಳಿದಿದ್ದೆ? ಚಹಾ ಕುಡಿಯಲು ಹೋಗಿದ್ದೆ.

ಮೂರನೆಯ ಗಂಟೆಗೆ ಅವಳ ಮೀನಖಂಡ ಕಲ್ಲಿನಂತೆ ಗಟ್ಟಿಯಾಯಿತು. ಆಮೇಲೆ ಆಕಳಿಕೆ, ಒಂದರ ಹಿಂದೊಂದು. ಆಮೇಲೆ "ತಮ್ಮಾ, ದೀಪ ಯಾಕೆ ಆರಿಸಿದರು?" ಎಂದಳು. ದೀಪ ಉರಿಯುತ್ತಿತ್ತು. ಓಡಿ ಬಂದರು, ಕಾಲು ಎತ್ತರಿಸಿದರು, ಸಲೈನ್ ಬಿಟ್ಟರು. ಹತ್ತು ನಿಮಿಷದಲ್ಲಿ ಅವಳು ಮರಳಿ ಬಂದಳು. ಯಾರನ್ನೂ ಬೈಯಲು ನನಗೆ ಬಾಯಿ ಬರಲಿಲ್ಲ. ಹನ್ನೆರಡು ಜನ ರೋಗಿಗಳಿಗೆ ಇಬ್ಬರು ಹುಡುಗರು. ತಪ್ಪಿದ್ದು ಒಂದು ಸುರುಳಿ. ನಮ್ಮ ಸಂಘದಲ್ಲಿ ಸಾಲಗಾರರ ಬಾಕಿಯಲ್ಲಿ ಹೀಗೆ 8 ಹೋಗಿ 6 ಆದರೆ ಲೆಕ್ಕಪರಿಶೋಧನೆಯವರು ವರ್ಷವಿಡೀ ಬಿಡುವುದಿಲ್ಲ.

ಅಂದು ರಾತ್ರಿಯೇ ಕೋಷ್ಟಕ ಮಾಡಿದೆ. ದಿನಾಂಕ, ಬೆಳಗಿನ ತೂಕ, ರಕ್ತದೊತ್ತಡ, ಕಾಲಿನ ಊತ, ಫಿಸ್ಟುಲಾ. ಈ ಕೊನೆಯದಕ್ಕೆ ಉಪಕರಣವೇನೂ ಬೇಡ. ಎಡ ತೋಳಿನ ಆ ಉಬ್ಬಿದ ನರದ ಮೇಲೆ ಬೆರಳಿಟ್ಟರೆ ಒಳಗೊಂದು ಜುಮುಜುಮು ಓಡುತ್ತಿರುತ್ತದೆ. ಅದು ನಿಂತಿತೆಂದರೆ ಹೆಪ್ಪುಗಟ್ಟಿದೆ ಎಂದರ್ಥ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಓಡಬೇಕು. ಅಕ್ಕ ಅದನ್ನು ಮುಟ್ಟಿ ನೋಡಿ "ಗಿರಣಿ ಓಡುತ್ತಿದೆ" ಎನ್ನುತ್ತಾಳೆ. ಕೋಷ್ಟಕದಲ್ಲೂ ಹಾಗೆಯೇ ಇದೆ: ಗಿರಣಿ, ಹೌದು ಅಥವಾ ಇಲ್ಲ. ಹಿಂದಿನ ಡಯಾಲಿಸಿಸ್ಸಿನ ನಂತರದ ತೂಕಕ್ಕಿಂತ ಎರಡು ಕಿಲೋ ಏರಿದರೆ ಆ ಸಾಲು ಕೆಂಪಾಗುತ್ತದೆ. ಡ್ರೈ ವೇಟ್ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಯಾರು ಯಾವತ್ತು ಬದಲಿಸಿದರು ಎಂಬುದರೊಂದಿಗೆ. ಇಷ್ಟೇ. ಇದಕ್ಕೆ ಯಾರೂ ಪ್ರಶಸ್ತಿ ಕೊಡುವುದಿಲ್ಲ.

ಮನೆಯಲ್ಲಿ ನೆಟ್‌ವರ್ಕ್ ಇಲ್ಲವಲ್ಲ, ಅಂಕಿ ನನಗೆ ತಲುಪುವುದು ಹೇಗೆ? ಭಾವ ದಿನವೂ ಏಳು ಗಂಟೆಗೆ ಡೈರಿಗೆ ಹಾಲು ಹಾಕಲು ಹೋಗುತ್ತಾರೆ. ಡೈರಿಯ ಮುಂದಿನ ತಿರುವಿನಲ್ಲಿ ಎರಡು ಗೀಟು ಸಿಗ್ನಲ್ ಬರುತ್ತದೆ. ಅಕ್ಕ ಫೋನಿಗೆ ತುಂಬಿಸಿದ್ದು ಭಾವನ ಜೇಬಿನಲ್ಲಿ, ಹಾಲಿನ ಕ್ಯಾನಿನ ಜೊತೆ ಅಲ್ಲಿಯವರೆಗೆ ನಡೆದು ಹೋಗಿ, ತಿರುವಿನಲ್ಲಿ ತಾನಾಗಿ ಹಾರುತ್ತದೆ. ಏಳೂಕಾಲಿಗೆ ನನಗೂ, ಕೇಂದ್ರದ ಟೆಕ್ನಿಷಿಯನ್ ಹುಡುಗನಿಗೂ ಬರುತ್ತದೆ. ಭಾವನಿಗೆ ಜ್ವರ ಬಂದರೆ ನಮ್ಮ ಡಿಜಿಟಲ್ ವ್ಯವಸ್ಥೆಗೂ ಜ್ವರ.

ಇದಕ್ಕೆ ಮೊದಲು ಸಿದ್ಧವಾದ ಮೊಬೈಲ್ ಆ್ಯಪ್‌ಗಳನ್ನೂ ನೋಡಿದ್ದೆ. ಚೆಂದವಿದ್ದವು. ಬಾಳೆಹಣ್ಣು ಬೇಡ, ಎಳನೀರು ಬೇಡ, ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ನಿಲ್ಲಬಹುದು ಎಂದೆಲ್ಲ ಸರಿಯಾಗಿಯೇ ಹೇಳುತ್ತಿದ್ದವು. ಆದರೆ ನಾನು ನೋಡಿದ ಯಾವುದಕ್ಕೂ ತಂಬುಳಿ ಗೊತ್ತಿರಲಿಲ್ಲ. ಗಂಜಿಯ ತಿಳಿ ನೀರಿನ ಲೆಕ್ಕಕ್ಕೆ ಸೇರಬೇಕೆಂದು ಗೊತ್ತಿರಲಿಲ್ಲ. ದಾರೆಹುಳಿಯ ವಿಷಯವಂತೂ ಇಲ್ಲವೇ ಇಲ್ಲ. ನಮ್ಮ ಕಡೆ ಹಿತ್ತಿಲಲ್ಲಿ ಉದುರಿ ಬಿದ್ದಿರುವ, ಅಡ್ಡಕ್ಕೆ ಕೊಯ್ದರೆ ನಕ್ಷತ್ರದಂತೆ ಕಾಣುವ ಆ ಹಣ್ಣು ಆರೋಗ್ಯವಂತರಿಗೆ ಗೊಜ್ಜು, ಉಪ್ಪಿನಕಾಯಿ. ಮೂತ್ರಪಿಂಡ ಕೆಟ್ಟವರಿಗೆ ಅದು ನರಗಳ ವಿಷ. ಅದರಲ್ಲಿರುವ ಒಂದು ಪದಾರ್ಥವನ್ನು ಹೊರಹಾಕಲು ಅವರಿಂದಾಗುವುದಿಲ್ಲ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಭ್ರಮೆ, ಸೆಳವಿನವರೆಗೆ ಹೋಗಬಹುದು. ಈ ಬರಹದಿಂದ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ: ಡಯಾಲಿಸಿಸ್ಸಿನವರಿಗೆ ದಾರೆಹುಳಿ ಒಂದು ಹೋಳೂ ಬೇಡ.

ಸರ್ಕಾರದ ಕಡೆಯಿಂದಲೂ ಕೆಲಸ ನಡೆದಿದೆ, ಇಲ್ಲವೆನ್ನಲಾರೆ. 2016ರಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡವರಿಗೆ ಇದನ್ನು ಉಚಿತ ಮಾಡಿತು. 2021ರಲ್ಲಿ ಬಂದ ಡಿಜಿಟಲ್ ಆರೋಗ್ಯ ಅಭಿಯಾನದ ಆಭಾ ಎಂಬ 14 ಅಂಕಿಯ ಸಂಖ್ಯೆಗೆ ರೋಗಿಯ ದಾಖಲೆಗಳನ್ನು ಜೋಡಿಸಿದರೆ, ಅವರು ಯಾವ ಕೇಂದ್ರಕ್ಕೆ ಹೋದರೂ ದಾಖಲೆ ಬೆನ್ನಿಗೆ ಬರಬೇಕು. ಇದಕ್ಕಿಂತ ಒಳ್ಳೆಯ ಯೋಚನೆ ಇನ್ನೊಂದಿಲ್ಲ. ಆ ಚೀಟಿಯ ಬಿಚ್ಚಿಕೊಂಡ 8 ಇಲ್ಲಿ ಹುಟ್ಟುತ್ತಲೇ ಇರಲಿಲ್ಲ. ಹೀಗೆಂದು ನಾನೇ ಅಕ್ಕನನ್ನು ಕೌಂಟರಿನ ಮುಂದೆ ಕೂರಿಸಿದೆ. "ಒಟಿಪಿ ಬಂತಾ ಅಮ್ಮ?" ಎಂದರು. ಅಕ್ಕ ಫೋನನ್ನು ತಿರುಗಿಸಿ ನೋಡಿದಳು. ಬಂದಿರಲಿಲ್ಲ. ಆಧಾರ್‌ಗೆ ಜೋಡಿಸಿದ್ದು ಬೆಂಗಳೂರಿನಲ್ಲಿರುವ ಮಗನ ಸಂಖ್ಯೆ. ಅವನಿಗೆ ಕರೆ ಮಾಡಿದರೆ ಮೀಟಿಂಗಿನಲ್ಲಿದ್ದ. ಹೊರಬಂದು ಅಂಕಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮೂರನೆಯ ಸಲ ಆಯಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು "ನನ್ನದೂ ಮಗನ ನಂಬರೇ" ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡು ಎದ್ದು ಹೋದರು.

ಕೋಷ್ಟಕದ ಮೊದಲ ಎರಡು ತಿಂಗಳು ನಾನು ಪೊಲೀಸನಾಗಿದ್ದೆ. ಸಾಲು ಕೆಂಪಾದರೆ ಸಂಜೆ ಮನೆಗೇ ಹೋಗಿ ವಿಚಾರಣೆ. ಎಷ್ಟು ಲೋಟ ಕುಡಿದೆ, ಮಧ್ಯಾಹ್ನ ಮಜ್ಜಿಗೆ ಹಾಕಿಕೊಂಡೆಯಾ, ಯಾರು ಬಂದಿದ್ದರು. ಮೂರನೆಯ ತಿಂಗಳಿಂದ ಕೆಂಪು ಕಾಣಿಸಲೇ ಇಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ಒಂದು ಮಂಗಳವಾರ ಟೆಕ್ನಿಷಿಯನ್ ಹುಡುಗ ಕರೆ ಮಾಡಿ, "ಸಾರ್, ನಿಮ್ಮ ಕೋಷ್ಟಕಕ್ಕೂ ನಮ್ಮ ತೂಕಕ್ಕೂ ಒಂದು ಕಿಲೋ ಇನ್ನೂರು ಗ್ರಾಂ ವ್ಯತ್ಯಾಸ ಬರುತ್ತಿದೆ, ನಿಮ್ಮ ಯಂತ್ರ ಸರಿ ಇದೆಯೇ?" ಎಂದ. ಯಂತ್ರದ ಮೇಲೆ ಐವತ್ತು ಕಿಲೋ ಗೊಬ್ಬರದ ಚೀಲ ಇಟ್ಟು ನೋಡಿದೆ, ಸರಿಯಾಗಿಯೇ ತೋರಿಸಿತು. ಮರುದಿನ ಬೆಳಿಗ್ಗೆ ಸದ್ದು ಮಾಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಕ್ಕ ಹಲಗೆ ಹತ್ತಿದಳು. ಬಲಗೈಯನ್ನು ಮೆಲ್ಲನೆ ಜಗಲಿಯ ಕಂಬಕ್ಕೆ ಊರಿದಳು. ಕೆಂಪು ಅಂಕಿ ಇಳಿಯಿತು. ಇನ್ನಷ್ಟು ಊರಿದಳು, ಇನ್ನಷ್ಟು ಇಳಿಯಿತು. ತನಗೆ ಒಪ್ಪಿಗೆಯಾದಲ್ಲಿ ನಿಲ್ಲಿಸಿ ಫೋನಿಗೆ ಬರೆದುಕೊಂಡಳು.

ತಿರುಗಿ ನನ್ನನ್ನು ನೋಡಿದಳು. ನಾಚಲಿಲ್ಲ. "ನಿನ್ನ ಹಾಳೆಗೆ ನನ್ನ ಬಾಯಾರಿಕೆ ಗೊತ್ತಿದೆಯೇ?" ಎಂದಳು.

ಆ ದಿನ ಸೇರಿಸಿದ್ದು 'ಅಕ್ಕನ ಮಾತು' ಎಂಬ ಅಂಕಣ. ಏನು ಬೇಕಾದರೂ ಬರೆಯಬಹುದು, ನಾನು ವಿಚಾರಣೆಗೆ ಬರುವುದಿಲ್ಲ ಎಂದು ಮಾತು ಕೊಟ್ಟೆ. ಕಂಬಕ್ಕೆ ಕೈ ಊರುವುದನ್ನು ಅವಳು ಬಿಟ್ಟಳು. ಶುರುವಿನಲ್ಲಿ ಬರೆದದ್ದೆಲ್ಲ ನನ್ನ ಮೇಲಿನ ಕೋಪ. "ಸೆಕೆ." "ನಿದ್ದೆ ಇಲ್ಲ, ಮೈ ತುರಿಕೆ." "ತಮ್ಮನ ತಲೆ." ಆಮೇಲೆ ನಿಧಾನವಾಗಿ ಬೇರೆ ಬಂತು. "ಅಪ್ಪೆಮಿಡಿ ಎರಡು." ಮರುದಿನ ಕೆಂಪು. "ಹಪ್ಪಳ." ಮರುದಿನ ಕೆಂಪು. ತಿಂಗಳ ತಪಾಸಣೆಗೆ ಫೋನ್ ತೋರಿಸಿದಾಗ ವೈದ್ಯರು ಆ ಅಂಕಣವನ್ನೇ ಮೇಲಿನಿಂದ ಕೆಳಗೆ ಓದಿದರು. "ನೀವು ನೀರಿನ ಬೆನ್ನು ಬಿದ್ದಿದ್ದೀರಿ. ಉಪ್ಪಿನ ಬೆನ್ನು ಬೀಳಿ, ನೀರು ತಾನಾಗಿ ಇಳಿಯುತ್ತದೆ" ಎಂದರು. ನನಗೆ ಪಿಚ್ಚೆನಿಸಿತು. ಬಾಯಾರಿಕೆಯನ್ನು ಹುಟ್ಟಿಸುವುದು ಉಪ್ಪು ಎಂಬುದು ಮಿಡಿ ಹಾಕುವ ಮನೆಯವರಿಗೆ ಗೊತ್ತಿಲ್ಲದ ಸಂಗತಿಯೇ? ಅಲ್ಲೇ ಇನ್ನೊಂದು ಸಾಲಿತ್ತು: "ಮಷಿನ್ ದಿನ ಗುಳಿಗೆ ನುಂಗಿ ಹೋದರೆ ಕಣ್ಣು ಕತ್ತಲೆ." ಡಯಾಲಿಸಿಸ್ ದಿನ ಬೆಳಗಿನ ಬಿಪಿ ಮಾತ್ರೆಯನ್ನು ರಾತ್ರಿಗೆ ಹಾಕಿದರು. ಕಣ್ಣು ಕತ್ತಲೆ ನಿಂತಿತು.

ಮಾತು ಕೊಟ್ಟದ್ದನ್ನು ನಾನು ಉಳಿಸಿಕೊಂಡೆ, ಆದರೆ ಇನ್ನೊಂದು ಕಡೆ ಮಾನ ಹೋಯಿತು. ಅಳಿಯ ಕೋಷ್ಟಕದ ಕೊಂಡಿಯನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟ, ಎಲ್ಲರೂ ನೋಡಿಕೊಳ್ಳಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಮುಂದಿನ ಮದುವೆಯ ಊಟದ ಪಂಕ್ತಿಯಲ್ಲಿ, ಅಕ್ಕನ ಎಲೆಗೆ ಬಡಿಸುವವನ ಕೈ ಹಿಡಿದು ಎದುರಿನವರು "ಅವಳಿಗೆ ಪೊಟ್ಯಾಸಿಯಂ ಆರರ ಹತ್ತಿರ ಇದೆ" ಎಂದರು. ಅಕ್ಕ ಎಲೆ ಮಡಿಸಿ ಎದ್ದಳು. ಆರೋಗ್ಯದ ಮಾಹಿತಿಯ ಖಾಸಗಿತನದ ಬಗ್ಗೆ ಪತ್ರಿಕೆಗಳಲ್ಲಿ ನಾನು ಓದಿದ ಲೇಖನಗಳೆಲ್ಲ ಕಂಪನಿಗಳ ಬಗ್ಗೆ ಇದ್ದವು. ಚಿಕ್ಕಮ್ಮಂದಿರ ಬಗ್ಗೆ ಯಾರೂ ಬರೆದಿರಲಿಲ್ಲ.

ಅಕ್ಕನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಸಾಗರದ ಕಡೆಯ ಮೇಷ್ಟ್ರೊಬ್ಬರು ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್ಸಿಗೆ ಬದಲಾಯಿಸಿಕೊಂಡಿದ್ದಾರೆ. ಎರಡು ಲೀಟರಿನ ಚೀಲ, ದಿನಕ್ಕೆ ನಾಲ್ಕು. ರಾತ್ರಿ ಮಲಗಿದಾಗ ತಾನೇ ತುಂಬಿ ಬಸಿಯುವ ಯಂತ್ರಗಳೂ ಇವೆ. ಅಂಥ ಕೆಲವು ಬೆಳಗಾಗುವಷ್ಟರಲ್ಲಿ ಎಷ್ಟು ತುಂಬಿತು, ಎಷ್ಟು ಬಸಿಯಿತು ಎಂಬುದನ್ನು ಆಸ್ಪತ್ರೆಗೆ ಕಳುಹಿಸಿಯೂ ಬಿಡುತ್ತವೆ. ನಾಳೆ ಬರುವ ತೊಂದರೆ ಇಂದೇ ಗೊತ್ತಾಗುತ್ತದೆ. ಮೇಷ್ಟ್ರು ಕೈಯಿಂದಲೇ ಮಾಡಿಕೊಳ್ಳುತ್ತಾರೆ, ಕರೆಂಟಿನ ಮೇಲೆ ಅವರಿಗೆ ನಂಬಿಕೆ ಇಲ್ಲ. ಬಸಿದ ಚೀಲದ ಕೆಳಗೆ ಪತ್ರಿಕೆ ಹರಡುತ್ತಾರೆ. ಅಕ್ಷರ ಸ್ಪಷ್ಟ ಓದಲು ಬಂದರೆ ದ್ರವ ತಿಳಿಯಾಗಿದೆ, ಮಬ್ಬಾದರೆ ಸೋಂಕು. ಅದರ ಫೋಟೋ ತೆಗೆದು ಸಿಸ್ಟರಿಗೆ ಕಳುಹಿಸುತ್ತಾರೆ. "ಕ್ರೀಡಾ ಪುಟ ಇಡುತ್ತೇನೆ, ಸಂಪಾದಕೀಯ ಯಾವಾಗಲೂ ಮಬ್ಬೇ" ಎಂದು ನಗುತ್ತಾರೆ. ಅಕ್ಕನಿಗೂ ಇದನ್ನು ಹೇಳಿದ್ದೆವು. ತಿಂಗಳಿಗೆ ಸುಮಾರು 240 ಲೀಟರಿನ ಪೆಟ್ಟಿಗೆಗಳು. ಮಳೆಗಾಲದಲ್ಲಿ ಸಂಕ ದಾಟಿಸಿ ಹೊತ್ತು ತರುವವರು ಯಾರು, ಅಟ್ಟದಲ್ಲಿ ಇಲಿ ಕಾಯುವವರು ಯಾರು ಎಂದು ಅವಳು ಕೇಳಿದಳು. ಭಾವ ಉತ್ತರ ಕೊಡದೆ ತೋಟಕ್ಕೆ ನಡೆದರು.

ಈಗ ಡಯಾಲಿಸಿಸ್ಸಿನ ನಡುವೆ ರಕ್ತದೊತ್ತಡ ಕುಸಿಯುವುದನ್ನು ಮೊದಲೇ ಊಹಿಸುವ ಕೃತಕ ಬುದ್ಧಿಮತ್ತೆಯ ಸುದ್ದಿ ಬರುತ್ತಿದೆ. ಬರಲಿ. ನನಗೆ ಅನುಮಾನವಿರುವುದು ಅದರ ಬುದ್ಧಿಯ ಮೇಲೆ ಅಲ್ಲ, ಅದಕ್ಕೆ ನಾವು ಉಣಿಸುವ ಅಂಕಿಯ ಮೇಲೆ. 46.5 ಎಂದು ಉಣಿಸಿದರೆ ಅದು 46.5ಕ್ಕೇ ಊಹಿಸುತ್ತದೆ. ಏಳೂಕಾಲಿಗೆ ಕೋಷ್ಟಕ ನೋಡಿ "ಅಮ್ಮ, ಎರಡೂಕಾಲು ಕಿಲೋ ಏರಿದೆ, ಶುಕ್ರವಾರದವರೆಗೆ ಕಾಯಬೇಡಿ, ನಾಳೆ ಒಂದು ಜಾಗ ಮಾಡಿಕೊಡುತ್ತೇನೆ" ಎಂದು ಕರೆ ಮಾಡುವ ಆ ಹುಡುಗನ ಸಂಬಳ ಎಷ್ಟೆಂದು ಕೇಳಿದ್ದೇನೆ. ಇಲ್ಲಿ ಬರೆಯಲು ಮನಸ್ಸು ಬರುವುದಿಲ್ಲ.

ಹೋದ ವರ್ಷ ಪುಷ್ಯ ಮಳೆ ಹಿಡಿದದ್ದು ಒಂದು ಸೋಮವಾರ ರಾತ್ರಿ. ಮಂಗಳವಾರ ಬೆಳಿಗ್ಗೆ ದಾರಿಗೆ ಎರಡು ಮರ, ಒಂದು ಕಂಬ. ಕರೆಂಟ್ ಹೋಯಿತು, ಡೈರಿಯ ತಿರುವಿನ ಸಿಗ್ನಲ್ ಹೋಯಿತು. ಆ ದಿನದ ಡಯಾಲಿಸಿಸ್ ತಪ್ಪಿತು. ಏಳೂಕಾಲಿಗೆ ಕೋಷ್ಟಕ ತೆರೆದೆ, ಖಾಲಿ. ಎಂಟಕ್ಕೆ ತೆರೆದೆ, ಖಾಲಿ. ಕೇಂದ್ರದ ಹುಡುಗ ನನಗೆ ನಾಲ್ಕು ಸಲ ಕರೆ ಮಾಡಿದ, ನಾನು ಅವನಿಗೆ ಆರು ಸಲ. ಗುರುವಾರ ಮಧ್ಯಾಹ್ನ ಮರ ಕಡಿದು ದಾರಿ ಬಿಡಿಸಿದ ಮೇಲೆ ಜೀಪು ಮಾಡಿಕೊಂಡು ಹೋದೆ.

ಅಕ್ಕ ಚೀಲ ಕಟ್ಟಿಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಮುಖ ಊದಿತ್ತು, ಮಾತಾಡುವಾಗ ಉಸಿರು ಮೇಲೆ ಬರುತ್ತಿತ್ತು. ಫೋನಿನ ಚಾರ್ಜು ಮುಗಿದಿದ್ದರಿಂದ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಳು. ಮಂಗಳವಾರ 50.4, ಗಿರಣಿ ಇದೆ. ಬುಧವಾರ 51.1, ಗಿರಣಿ ಇದೆ, ಅನ್ನ ಮಾತ್ರ, ಉಪ್ಪಿಲ್ಲ. ಗುರುವಾರ ತೂಕದ ಯಂತ್ರದ ಬ್ಯಾಟರಿಯೂ ಆರಿತ್ತು. ಆ ಚೌಕದಲ್ಲಿ ಅಂಕಿಯಿಲ್ಲ, ಎರಡೇ ಪದ: ಕಾಲುಂಗುರ ಬಿಗಿ.

ಜೀಪಿನಲ್ಲಿ ಅವಳನ್ನು ಮುಂದಿನ ಸೀಟಿಗೆ ಹತ್ತಿಸಿ, ಭಾವ ಹಿಂದೆ ಕುಳಿತು, ನಗರ ದಾಟಿದ ಮೇಲೆ ಸಿಗ್ನಲ್ ಬಂತು. ಕೋಷ್ಟಕ ತೆರೆದು ಮೂರು ದಿನದ್ದನ್ನೂ ತುಂಬಿಸಿದೆ. ಗುರುವಾರದ ತೂಕದ ಚೌಕ ಅಂಕಿಯನ್ನಲ್ಲದೆ ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ಅದನ್ನು ಅಕ್ಕನ ಅಂಕಣದಲ್ಲಿ ಬರೆದೆ. ಕಳುಹಿಸಿ ಒಂದು ನಿಮಿಷವಾಗಿರಲಿಲ್ಲ, ಹುಡುಗನ ಕರೆ ಬಂತು. "ಸಾರ್, ಬೆಡ್ ಖಾಲಿ ಇಟ್ಟಿದ್ದೇನೆ" ಎಂದ. ಆಮೇಲೆ ಸ್ವಲ್ಪ ತಡೆದು ಕೇಳಿದ: "ಎರಡೂ ಕಾಲಿನದಾ, ಒಂದೇ ಕಾಲಿನದಾ?"